ಬ್ಯಾಗಿನಲ್ಲಿ ನನ್ನ ಕಂಪ್ಯೂಟರ್: ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಮಿಂಟ್, ಒಂದೂವರೆ ವರ್ಷದ ಬಳಕೆ

ನಾನು ಅತಿಥಿ ಉಪನ್ಯಾಸಕಿ. ಪದವಿ ತರಗತಿಗಳಿಗೆ ಕನ್ನಡ ಪಾಠ ಮಾಡುತ್ತೇನೆ. ಮನೆ ಕಲಬುರಗಿಯಲ್ಲಿ. ವಾರದಲ್ಲಿ ನಾಲ್ಕು ದಿನ ರೈಲು ಹಿಡಿದು, ವಾಡಿ ದಾಟಿ ಯಾದಗಿರಿಗೆ ಹೋಗುತ್ತೇನೆ. ಉಳಿದ ಎರಡು ದಿನ ಊರಲ್ಲೇ ಇನ್ನೊಂದು ಕಾಲೇಜು. ಎರಡೂ ಕಡೆ ನನ್ನದು ಅಂತ ಒಂದು ಮೇಜಿಲ್ಲ. ಲ್ಯಾಬ್‌ನಲ್ಲಿ ಯಾವ ಕಂಪ್ಯೂಟರ್ ಖಾಲಿ ಇದೆಯೋ ಅದರ ಮುಂದೆ ಕೂರಬೇಕು.

ಮೊದಲು ಎಲ್ಲವನ್ನೂ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದೆ. ಒಂದು ದಿನ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆ ಪ್ರಿಂಟ್ ತೆಗೆಸೋಣ ಅಂತ ಅದನ್ನು ಒಂದು ಅಂಗಡಿಯಲ್ಲಿ ಚುಚ್ಚಿದೆ. ತಿರುಗಿ ಲ್ಯಾಬ್‌ಗೆ ಬಂದು ನೋಡಿದರೆ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕೂತಿದ್ದವು. ಅದೇ ವೈರಸ್. ಫೈಲ್‌ಗಳು ಅಳಿಸಿರಲಿಲ್ಲ, ಅಡಗಿದ್ದವು ಅಷ್ಟೆ. ರಾತ್ರಿ ನನ್ನ ತಮ್ಮ ತೆಗೆದುಕೊಟ್ಟ. ಆದರೆ ಮಧ್ಯಾಹ್ನದ ಪರೀಕ್ಷೆಗೆ ನಾನು ಪ್ರಶ್ನೆಗಳನ್ನು ನೆನಪು ಮಾಡಿಕೊಂಡು ಬೋರ್ಡ್ ಮೇಲೆ ಬರೆಯಬೇಕಾಗಿತ್ತು. ಆವತ್ತು ತಮ್ಮ ಹೇಳಿದ: "ಅಕ್ಕಾ, ಬರೇ ಫೈಲ್ ಯಾಕ ಹೊತ್ಕೊಂಡು ತಿರಗ್ತಿ? ಕಂಪ್ಯೂಟರೇ ಹೊತ್ಕೊಂಡು ಹೋಗು."

ಅವನು ಹೇಳಿದ್ದು ಹೀಗೆ. ವಿಂಡೋಸ್‌ನಂಥ ಆಪರೇಟಿಂಗ್ ಸಿಸ್ಟಮ್, ಅಂದರೆ ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ, ಕಂಪ್ಯೂಟರ್ ಒಳಗಿನ ಡಿಸ್ಕ್‌ನಲ್ಲೇ ಇರಬೇಕು ಅಂತೇನಿಲ್ಲ. ಯುಎಸ್‌ಬಿಯಲ್ಲಿ ಚುಚ್ಚಿದ ಡಿಸ್ಕ್‌ನಿಂದಲೂ ಅದು ಏಳುತ್ತದೆ. ಎದುರಿಗಿರುವ ಕಂಪ್ಯೂಟರ್‌ನ ಪ್ರೊಸೆಸರ್, ರ‍್ಯಾಮ್, ಪರದೆ, ಕೀಬೋರ್ಡ್ ಬಳಸಿಕೊಳ್ಳುತ್ತದೆ. ಅದರ ವಿಂಡೋಸ್ ಮಲಗಿಯೇ ಇರುತ್ತದೆ.

ಮೊದಲ ಪ್ರಯತ್ನ 32 ಜಿಬಿ ಪೆನ್‌ಡ್ರೈವ್‌ನಲ್ಲಿ. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ಪೆನ್‌ಡ್ರೈವ್ ದೊಡ್ಡ ಫೈಲ್ ಒಂದನ್ನು ನಕಲು ಮಾಡಲು ಸರಿ. ಆಪರೇಟಿಂಗ್ ಸಿಸ್ಟಮ್ ಆದರೆ ಒಂದೇ ಸಮನೆ ಚಿಕ್ಕ ಚಿಕ್ಕ ಮಾಹಿತಿ ತುಣುಕುಗಳನ್ನು ಅಲ್ಲಿ ಇಲ್ಲಿ ಬರೆಯುತ್ತಿರುತ್ತದೆ. ಅದನ್ನು ಪೆನ್‌ಡ್ರೈವ್ ತಡೆದುಕೊಳ್ಳುವುದಿಲ್ಲ. ಫೈರ್‌ಫಾಕ್ಸ್ ತೆರೆಯಲು ನಿಮಿಷಗಟ್ಟಲೆ ಕಾಯಬೇಕಿತ್ತು. ನಾಲ್ಕನೇ ತಿಂಗಳಿಗೆ ಪೆನ್‌ಡ್ರೈವ್ ಸತ್ತೇ ಹೋಯಿತು.

ಆಮೇಲೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಯಲ್ಲಿ 240 ಜಿಬಿಯ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಂದೆವು. ಎಸ್‌ಎಸ್‌ಡಿ ಅಂದರೆ ಒಳಗೆ ತಿರುಗುವ ಭಾಗಗಳಿಲ್ಲದ, ವೇಗದ ಡಿಸ್ಕ್; ಸಾಟಾ ಅದರ ಜೋಡಣೆಯ ಬಗೆ. ಅದನ್ನು ಯುಎಸ್‌ಬಿಗೆ ಜೋಡಿಸಲು ಒಂದು ಯುಎಸ್‌ಬಿ 3.0 ಕೇಸ್. ಎರಡೂ ಸೇರಿ 2,050 ರೂಪಾಯಿ. ಅಂಗೈಯಷ್ಟೇ ಇದೆ, ಟಿಫನ್ ಡಬ್ಬಿಯ ಪಕ್ಕ ಸುಮ್ನೆ ಕೂರುತ್ತದೆ. ಅದರಲ್ಲಿ ಹಾಕಿದ್ದು ವಿಂಡೋಸ್ ಬದಲಿಗೆ ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್ 22, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಲೈವ್ ಯುಎಸ್‌ಬಿ (ಇನ್‌ಸ್ಟಾಲ್ ಮಾಡದೆ ತಾತ್ಕಾಲಿಕವಾಗಿ ಓಡಿಸಿ ನೋಡುವುದು) ಅಲ್ಲ, ಒಳಗಿನ ಡಿಸ್ಕ್‌ಗೆ ಹಾಕುವ ಹಾಗೆಯೇ ಪೂರ್ತಿ ಇನ್‌ಸ್ಟಾಲ್. ಹಾಗಾಗಿ ಅಪ್‌ಡೇಟ್, ಸೆಟ್ಟಿಂಗ್, ಬುಕ್‌ಮಾರ್ಕ್ ಎಲ್ಲವೂ ಉಳಿಯುತ್ತವೆ. ಈ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಇದೆ.

ಹಾಕುವಾಗ ಒಂದು ಎಚ್ಚರ ಬೇಕೇ ಬೇಕು. ನೀವು ಹೊರಗಿನ ಡಿಸ್ಕ್ ಆರಿಸಿದರೂ ಬೂಟ್‌ಲೋಡರ್ (ಸಿಸ್ಟಮ್ ಅನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಒಳಗಿನ ಡಿಸ್ಕ್‌ನಲ್ಲಿ ಅದಕ್ಕೆಂದೇ ಇರುವ ಇಎಫ್‌ಐ ಭಾಗಕ್ಕೆ ಹೋಗಿ ಕೂರುವ ಸಾಧ್ಯತೆ ಇದೆ. ಹಾಗಾದರೆ ಬೇರೆ ಕಂಪ್ಯೂಟರ್‌ನಲ್ಲಿ ನಿಮ್ಮ ಡಿಸ್ಕ್ ಏಳುವುದಿಲ್ಲ. ತಮ್ಮ ಮನೆಯ ಕಂಪ್ಯೂಟರ್ ಬಿಚ್ಚಿ, ಒಳಗಿನ ಡಿಸ್ಕ್‌ನ ಕೇಬಲ್ ಕಿತ್ತಿಟ್ಟೇ ಇನ್‌ಸ್ಟಾಲ್ ಮಾಡಿದ. ಹೀಗೆ ಮಾಡಿದರೆ ತಪ್ಪಿ ಬೇರೆ ಡಿಸ್ಕ್ ಅಳಿಸುವ ಭಯವೂ ಇಲ್ಲ. ಆಗಲೇ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಆಗುವ, ಅಂದರೆ ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾಗದ ಹಾಗೆ ಮಾಡುವ ಆಯ್ಕೆಗೂ ಟಿಕ್ ಹಾಕಿಸಿದೆ. ಪ್ರತಿ ಸಲ ಶುರುವಿನಲ್ಲಿ ಒಂದು ಉದ್ದನೆಯ ಪಾಸ್‌ವರ್ಡ್ ಹೊಡೆಯಬೇಕು. ಬೇಸರವಿಲ್ಲ. ರೈಲಿನಲ್ಲಿ ಬ್ಯಾಗ್ ಕಳೆದರೂ ಪ್ರಶ್ನೆಪತ್ರಿಕೆ ಬೇರೆಯವರ ಕೈಗೆ ಸಿಗುವುದಿಲ್ಲ ಅನ್ನುವುದು ನನಗೆ ದೊಡ್ಡದು.

ದಿನದ ಬಳಕೆ ಹೇಗಿದೆ? ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯಲ್ಲಿ ಚುಚ್ಚಿದರೆ ಪಾಸ್‌ವರ್ಡ್ ಹೊಡೆದು ಅರ್ಧ ನಿಮಿಷಕ್ಕೆ ಡೆಸ್ಕ್‌ಟಾಪ್ ಬರುತ್ತದೆ. ಹಳೆಯ ಯುಎಸ್‌ಬಿ 2.0 ಆದರೆ ಒಂದೂವರೆ ನಿಮಿಷ. ಕಾರಣ ಸರಳ: 3.0ರ ಗರಿಷ್ಠ ವೇಗ ಸೆಕೆಂಡಿಗೆ 5 ಗಿಗಾಬಿಟ್, 2.0ರದು 480 ಮೆಗಾಬಿಟ್. ಆದರೂ 2.0ರಲ್ಲಿ ಕೂಡ ಟೈಪಿಂಗ್, ಪಿಡಿಎಫ್ ಓದುವುದು ಆರಾಮಾಗಿ ನಡೆಯುತ್ತದೆ. ಪೆನ್‌ಡ್ರೈವ್‌ಗೂ ಇದಕ್ಕೂ ಹೋಲಿಕೆಯೇ ಇಲ್ಲ. ಯಾವ ಡಿಸ್ಕ್‌ನಿಂದ ಏಳಬೇಕು ಅಂತ ಆರಿಸುವ ಬೂಟ್ ಮೆನುವಿಗೆ ಡೆಲ್, ಲೆನೊವೊ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಲ್ಯಾಬ್ ನೋಡಿಕೊಳ್ಳುವವರಿಗೆ ಮೊದಲೇ ಹೇಳಿ, ಒಪ್ಪಿಗೆ ಪಡೆದೇ ಚುಚ್ಚಿ. ನಾನು ಒಮ್ಮೆ ಅವರನ್ನೇ ಪಕ್ಕಕ್ಕೆ ಕೂರಿಸಿಕೊಂಡು ತೋರಿಸಿದೆ.

ಆಮೇಲೊಂದು ದಿನ ಅವರೇ ಬಂದರು. "ಮೇಡಂ, ನೀವು ಎದ್ದು ಹೋದ ಮ್ಯಾಲ ಆ ಕಂಪ್ಯೂಟರಿನ ಟೈಮ್ ಹಿಂದ ಹೋಗ್ಯಾದ ನೋಡ್ರಿ." ಹೌದು, ಸರಿಯಾಗಿ ಐದೂವರೆ ಗಂಟೆ ಹಿಂದೆ! ಲಿನಕ್ಸ್ ಯಂತ್ರದ ಒಳಗಡಿಯಾರವನ್ನು ಗ್ರೀನಿಚ್‌ಗೆ ಹೊಂದುವ ಯುಟಿಸಿ ಸಮಯಕ್ಕೆ ಇಡುತ್ತದೆ. ವಿಂಡೋಸ್ ಅದನ್ನೇ ನಮ್ಮ ಊರಿನ ಸಮಯ ಅಂದುಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಕಮಾಂಡ್ ಕೊಟ್ಟು ಲಿನಕ್ಸ್‌ಗೂ ಸ್ಥಳೀಯ ಸಮಯವನ್ನೇ ಇಡಲು ಹೇಳಬಹುದು. ಹೇಳಿದೆ, ಸರಿಹೋಯಿತು. ಬೇರೆಯವರ ಕಂಪ್ಯೂಟರ್ ಬಳಸುವವರು ಇದನ್ನು ಮೊದಲ ದಿನವೇ ಮಾಡಿ.

ಕನ್ನಡದ ವಿಷಯ ಹೇಳದಿದ್ದರೆ ಹೇಗೆ? ನನ್ನ ಬೆರಳುಗಳಿಗೆ ನುಡಿ ತಂತ್ರಾಂಶದ ಕೀಲಿ ವಿನ್ಯಾಸವೇ ರೂಢಿ. ಬೇರೆ ಭಾಷೆ ಟೈಪ್ ಮಾಡಲು ನೆರವಾಗುವ ಐಬಸ್ ಮತ್ತು ಎಂ17ಎನ್ ಪ್ಯಾಕೇಜ್ ಹಾಕಿ, ನುಡಿಯ ವಿನ್ಯಾಸವನ್ನೇ ಹೋಲುವ ಕನ್ನಡದ ಕೆಜಿಪಿ ಆರಿಸಿದೆ. ಒಂದು ವಾರದಲ್ಲಿ ಕೈ ಹೊಂದಿಕೊಂಡಿತು. ಫಾಂಟ್‌ಗಳಲ್ಲಿ ಲೋಹಿತ್ ಇದೆ, ನೋಟೊ ಇದೆ, ಗುಬ್ಬಿ ಮತ್ತು ನವಿಲು ಕೂಡ ಇವೆ. ಹೆಸರೇ ಎಷ್ಟು ಚೆಂದ ಅಲ್ವಾ? ನನ್ನ ವಚನಗಳ ಟಿಪ್ಪಣಿಯೆಲ್ಲ ಈಗ ನವಿಲಿನಲ್ಲೇ ಇದೆ. ತೊಂದರೆ ಆದದ್ದು ಹಳೆಯ ಫೈಲ್‌ಗಳದ್ದು. ಯುನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಮುಂಚಿನ ಫಾಂಟ್‌ನಲ್ಲಿ ಟೈಪ್ ಮಾಡಿದ್ದ ಹತ್ತು ವರ್ಷದ ಟಿಪ್ಪಣಿಗಳು ಇಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೋಜಲು. ದಸರಾ ರಜೆಯಲ್ಲಿ ಕೂತು ಒಂದೊಂದನ್ನೂ ಯುನಿಕೋಡ್‌ಗೆ ಬದಲಿಸಿದೆ. ಒತ್ತಕ್ಷರ ಕೆಲವು ಕಡೆ ಕೆಟ್ಟಿದ್ದವು, ಕೈಯಿಂದ ತಿದ್ದಿದೆ. ಪ್ರಿಂಟ್‌ಗೆ ಕೊಡುವಾಗ ಲಿಬ್ರೆಆಫೀಸ್‌ನಿಂದ ಪಿಡಿಎಫ್ ಮಾಡಿ ಕಳಿಸುತ್ತೇನೆ. ಅಂಗಡಿಯವರ ಬಳಿ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ.

ಕೊರತೆಗಳೂ ಇವೆ. ಯುಇಎಫ್‌ಐ (ಕಂಪ್ಯೂಟರ್ ಅನ್ನು ಶುರು ಮಾಡುವ ಹೊಸ ಬಗೆಯ ವ್ಯವಸ್ಥೆ) ಇಲ್ಲದ ತೀರಾ ಹಳೆಯ ಕಂಪ್ಯೂಟರ್‌ಗಳಲ್ಲಿ ನನ್ನ ಡಿಸ್ಕ್ ಏಳುವುದಿಲ್ಲ. ಲ್ಯಾಬ್‌ನ ಕೊನೆಯ ಸಾಲು ಪೂರ್ತಿ ಅಂಥದ್ದೇ. ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ವೈಫೈ ಸಿಗಲಿಲ್ಲ, ಮೊಬೈಲ್‌ನಿಂದ ಯುಎಸ್‌ಬಿ ಟೆದರಿಂಗ್ ಮಾಡಿಕೊಂಡೆ. ಬೇರೆ ಬೇರೆ ಕಂಪ್ಯೂಟರ್‌ಗಳಲ್ಲಿ ಓಡಬೇಕಾದ್ದರಿಂದ ಒಂದೇ ಬಗೆಯ ಗ್ರಾಫಿಕ್ಸ್ ಕಾರ್ಡ್‌ಗೆಂದು ಅದರ ಕಂಪನಿ ಕೊಡುವ ಡ್ರೈವರ್ (ಕಾರ್ಡ್ ನಡೆಸುವ ತಂತ್ರಾಂಶ) ಹಾಕಬೇಡಿ. ಏಪ್ರಿಲ್ ಬಿಸಿಲಲ್ಲಿ ಕೇಸ್ ಕೈಗೆ ಸುಡುತ್ತದೆ. ನಮ್ಮ ಕಡೆ ಆಗ 42 ಡಿಗ್ರಿ ದಾಟುತ್ತದಲ್ಲ, ಪ್ಲಾಸ್ಟಿಕ್ ಬೇಡ, ಅಲ್ಯುಮಿನಿಯಂ ಕೇಸೇ ತೆಗೆದುಕೊಳ್ಳಿ.

ನಿಜವಾದ ದೌರ್ಬಲ್ಯ ಕೇಬಲ್. ಕೆಲಸದ ಮಧ್ಯೆ ಅದು ಒಂದು ಕ್ಷಣ ಅಲುಗಾಡಿ ಸಂಪರ್ಕ ತಪ್ಪಿದರೂ ಇಡೀ ಸಿಸ್ಟಮ್ ನಿಂತುಬಿಡುತ್ತದೆ, ಕಾಲಡಿಯ ನೆಲ ಎಳೆದಂತೆ. ಕಂಪ್ಯೂಟರ್‌ನ ಮುಂದಿನ ಸಡಿಲ ಕಿಂಡಿಗಳಲ್ಲಿ ನನಗೆ ಎರಡು ಸಲ ಹೀಗಾಯಿತು. ಈಗ ಬಗ್ಗಿ ಹಿಂದಿನ ಕಿಂಡಿಗೇ ಚುಚ್ಚುತ್ತೇನೆ, ಕೇಬಲ್ ಯಾರ ಕೈಗೂ ತಾಗದ ಹಾಗೆ ಇಡುತ್ತೇನೆ.

ಮನೆಯ ಡೆಸ್ಕ್‌ಟಾಪ್ ಮೂರನೇ ತಲೆಮಾರಿನ ಐ3. ವಿಂಡೋಸ್ 11ರ ಪಟ್ಟಿಯಲ್ಲಿ ಅದಿಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅವತ್ತಿನಿಂದ ಅದೂ ನನ್ನ ಡಿಸ್ಕ್‌ನಿಂದಲೇ ಏಳುತ್ತಿದೆ. ಯಾದಗಿರಿಯಲ್ಲಿ ಅರ್ಧಕ್ಕೆ ಬಿಟ್ಟ ಪಾಠದ ಪುಟ ರಾತ್ರಿ ಮನೆಯಲ್ಲಿ ಅದೇ ಫೋಲ್ಡರ್‌ನಲ್ಲಿ, ಅದೇ ಫಾಂಟ್‌ನಲ್ಲಿ ತೆರೆದುಕೊಳ್ಳುತ್ತದೆ. ಮೇಜು ಇಲ್ಲದ ನನಗೆ ಇದು ಮೇಜು ಸಿಕ್ಕ ಹಾಗೆ.

ಎಸ್‌ಎಸ್‌ಡಿ ಕೆಟ್ಟರೆ ಮುನ್ಸೂಚನೆ ಇಲ್ಲದೆಯೇ ಕೆಡಬಹುದು. ಅದಕ್ಕೆ ಭಾನುವಾರ ರಾತ್ರಿ ಊಟ ಆದ ಮೇಲೆ ಫೈಲ್‌ಗಳನ್ನೆಲ್ಲ ಮನೆಯ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡುತ್ತೇನೆ. ಇನ್ನೊಂದು ಕೇಬಲ್ ಕೂಡ ತಂದಿಟ್ಟಿದ್ದೇನೆ, 120 ರೂಪಾಯಿ. ಗಿಡ್ಡ ಕೇಬಲ್ ತೆಗೆದುಕೊಳ್ಳಿ, ಉದ್ದನೆಯದು ಜಾಸ್ತಿ ಅಲುಗುತ್ತದೆ.