ಕಾಮಿಕ್ಸ್ ಬರೆದು ಬದುಕುವವರಿಗೆ ಕ್ರಿಟಾ ಸಾಕೇ?

ಬಿಟ್ಟಿ ಸಿಗುವ ತಂತ್ರಾಂಶದಲ್ಲಿ ದುಡ್ಡಿನ ಕೆಲಸ ಮಾಡಿಕೊಡಬಹುದೇ ಎಂಬ ಅನುಮಾನ ಸ್ವತಂತ್ರ ಚಿತ್ರಕಾರರಲ್ಲಿ ಹಲವರಿಗೆ ಇದೆ. ಚಿತ್ರ ಬರೆಯುವ ತಂತ್ರಾಂಶವಾದ ಕ್ರಿಟಾ ಮಟ್ಟಿಗೆ ಉತ್ತರ ಹೀಗಿದೆ: ಪೆನ್ಸಿಲ್ ಗೀಟಿನಿಂದ ಬಣ್ಣ ತುಂಬುವವರೆಗೆ ಧಾರಾಳವಾಗಿ ಮಾಡಬಹುದು. ಆದರೆ ಮಾತಿನ ಗುಳ್ಳೆಗೆ ಕನ್ನಡ ಅಕ್ಷರ ಕೂರಿಸುವುದನ್ನೂ ಪ್ರೆಸ್ಸಿಗೆ ಪಿಡಿಎಫ್ ಕೊಡುವುದನ್ನೂ ಅದಕ್ಕೆ ಒಪ್ಪಿಸಬಾರದು. ಆ ಎರಡಕ್ಕೆ ಪುಟ ಜೋಡಿಸುವ ಬಿಟ್ಟಿ ತಂತ್ರಾಂಶ ಸ್ಕ್ರೈಬಸ್ ಜೊತೆಗಿದ್ದರೆ ಒಂದು ರೂಪಾಯಿ ಖರ್ಚಿಲ್ಲದೆ ಪತ್ರಿಕೆ, ಪುಸ್ತಕ, ಜಾಲತಾಣ ಮೂರಕ್ಕೂ ಕೆಲಸ ಒದಗಿಸಬಹುದು. ಇಲ್ಲಿ ಹೇಳಿರುವುದೆಲ್ಲ ಕ್ರಿಟಾ 5.2 ಸರಣಿಗೆ ಸಂಬಂಧಿಸಿದ್ದು.

ಲೈಸೆನ್ಸ್ ಬಗ್ಗೆ ಹೆದರಿಕೆ ಬೇಡ. ಕ್ರಿಟಾ ಜಿಪಿಎಲ್ ಪರವಾನಗಿಯ ಮುಕ್ತ ತಂತ್ರಾಂಶ. ಅದರಲ್ಲಿ ಬರೆದ ಚಿತ್ರದ ಹಕ್ಕು ಪೂರ್ತಿ ನಿಮ್ಮದೇ, ಮಾರಲು ಯಾರ ಅಪ್ಪಣೆಯೂ ಬೇಕಿಲ್ಲ. ಸ್ಟೀಮ್ ಮತ್ತು ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಬೆಲೆ ಕೊಟ್ಟು ಕೊಳ್ಳುವುದೂ ಇದೇ ತಂತ್ರಾಂಶ, ಆ ಹಣ ಅದನ್ನು ಬೆಳೆಸುವವರಿಗೆ ಹೋಗುತ್ತದೆ. ಕ್ರಿಟಾದಿಂದ ಸಂಪಾದನೆ ಶುರುವಾದ ಮೇಲೆ ಹಾಗೆ ಕೊಳ್ಳುವುದು ನ್ಯಾಯ. ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ನಡೆಯುತ್ತದೆ, ಆಂಡ್ರಾಯ್ಡ್ ಟ್ಯಾಬ್ಲೆಟ್‌ಗೂ ಇದೆ, ಐಪ್ಯಾಡ್‌ಗೆ ಇಲ್ಲ.

ಕೊಂಡ ಹೊಸ ಪೆನ್ ಟ್ಯಾಬ್ಲೆಟ್ ಜೋಡಿಸಿದಾಗ ಒತ್ತಿದರೂ ಗೀಟು ದಪ್ಪವಾಗದಿದ್ದರೆ ಪೆನ್ನು ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಓಡಬೇಡಿ. ವಿಂಡೋಸ್‌ನಲ್ಲಿ ಪೆನ್ನಿನ ಒತ್ತಡ ಓದಲು ವಿನ್‌ಟ್ಯಾಬ್, ವಿಂಡೋಸ್ ಇಂಕ್ ಎಂದು ಎರಡು ದಾರಿಗಳಿವೆ. ಡ್ರೈವರ್ (ಟ್ಯಾಬ್ಲೆಟ್ ನಡೆಸುವ ತಂತ್ರಾಂಶ) ಒಂದರಲ್ಲಿ, ಕ್ರಿಟಾ ಇನ್ನೊಂದರಲ್ಲಿ ಇದ್ದರೆ ಒತ್ತಡ ಮಾಯವಾಗುತ್ತದೆ. ಕ್ರಿಟಾ ಸೆಟ್ಟಿಂಗ್ಸ್‌ನ ಟ್ಯಾಬ್ಲೆಟ್ ಪುಟದಲ್ಲಿ ದಾರಿ ಬದಲಿಸಿ, ಮುಚ್ಚಿ ಮತ್ತೆ ತೆರೆಯಿರಿ. ಅಲ್ಲೇ ಇರುವ ಟ್ಯಾಬ್ಲೆಟ್ ಟೆಸ್ಟರ್‌ನಲ್ಲಿ ಗೀಟೆಳೆದರೆ ಒತ್ತಡದ ಅಂಕಿ ಕಾಣುತ್ತದೆ. ಅದಕ್ಕೂ ಬಗ್ಗದಿದ್ದರೆ ಹಳೆಯ ಟ್ಯಾಬ್ಲೆಟ್‌ನ ಡ್ರೈವರ್ ಉಳಿದುಕೊಂಡಿದೆಯೇ ನೋಡಿ. ವೇಕಮ್, ಹುಯಾನ್, ಎಕ್ಸ್‌ಪಿ-ಪೆನ್ ಡ್ರೈವರ್‌ಗಳು ಒಂದೇ ಯಂತ್ರದಲ್ಲಿ ಸೇರಿದರೆ ಜಗಳ ಆಗಾಗ ಹುಟ್ಟುತ್ತದೆ.

ಇನ್ನು ಮೆಮೊರಿ. ಎ4 ಪುಟ 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) 2480×3508 ಪಿಕ್ಸೆಲ್. ಅಂಚಿನಿಂದ ಅಂಚಿಗೆ ಬಣ್ಣ ತುಂಬಿದ ಒಂದು ಲೇಯರ್ (ಒಂದರ ಮೇಲೊಂದು ಇಡುವ ಚಿತ್ರದ ಪದರ) ಸುಮಾರು 35 ಎಂಬಿ ನುಂಗುತ್ತದೆ. 600 ಡಿಪಿಐಗೆ ಹೋದರೆ 4961×7016, ಲೇಯರೊಂದಕ್ಕೆ ಸುಮಾರು 140 ಎಂಬಿ. ಅಂಥ 20 ಲೇಯರ್ ಇಟ್ಟುಕೊಂಡರೆ 2.8 ಜಿಬಿ, ಅದರ ಮೇಲೆ ಅನ್‌ಡೂ ನೆನಪಿನ ಹೊರೆ. 8 ಜಿಬಿ ಯಂತ್ರ ಇಲ್ಲೇ ತೆವಳಲು ಶುರು ಮಾಡುವುದು. ಖಾಲಿ ಜಾಗಕ್ಕೆ ಕ್ರಿಟಾ ಮೆಮೊರಿ ಕೇಳುವುದಿಲ್ಲವಾದ್ದರಿಂದ ಇಂಕಿನ ಲೇಯರ್‌ಗಳು ಹಗುರ, ಬಣ್ಣದವು ಭಾರ. ಬಣ್ಣದ ಪುಟಕ್ಕೆ 300, ಬರೀ ಕಪ್ಪು ಗೀಟಿನ ಪುಟಕ್ಕೆ 600 ಸಾಕು. ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಮಿತಿಯನ್ನು ಸ್ವಲ್ಪ ಏರಿಸಿ, ಬಣ್ಣ ಒಪ್ಪಿಗೆಯಾದ ಲೇಯರ್‌ಗಳನ್ನು ಒಂದಾಗಿಸುತ್ತಾ ಹೋದರೆ ಹಳೆಯ ಲ್ಯಾಪ್‌ಟಾಪ್ ಕೂಡ ಬಾಳಿಕೆ ಬರುತ್ತದೆ.

ಇಂಕಿಂಗ್‌ನಲ್ಲಿ, ಅಂದರೆ ಪೆನ್ಸಿಲ್ ಗೀಟಿನ ಮೇಲೆ ಕಪ್ಪು ಗೀಟು ಎಳೆಯುವುದರಲ್ಲಿ, ಕ್ರಿಟಾ ನಿಜಕ್ಕೂ ಸೊಗಸು. ಜೊತೆಗೇ ಬರುವ ಜಿ-ಪೆನ್, ಫೈನ್‌ಲೈನರ್ ಬ್ರಷ್‌ಗಳೇ ಸಾಕು, ಬ್ರಷ್ ಕಟ್ಟುಗಳನ್ನು ಕೊಳ್ಳುವ ಅಗತ್ಯವಿಲ್ಲ. ಕೈ ನಡುಕ ತಗ್ಗಿಸುವ ಸ್ಮೂತಿಂಗ್‌ನಲ್ಲಿ ಬೇಸಿಕ್, ವೆಯ್ಟೆಡ್, ಸ್ಟೆಬಿಲೈಸರ್ ಎಂಬ ಮೂರು ಬಗೆ. ಮುಖ, ಕೈಬೆರಳಿಗೆ ಬೇಸಿಕ್. ಕಾರಿನ ಬಾನೆಟ್ಟು, ಸೀರೆಯ ನೆರಿಗೆಯಂಥ ಉದ್ದ ಬಳುಕಿಗೆ ಸ್ಟೆಬಿಲೈಸರ್. ಎಲ್ಲದಕ್ಕೂ ಸ್ಟೆಬಿಲೈಸರ್ ಹಾಕಿದರೆ ಗೀಟು ಪೆನ್ನಿಗಿಂತ ಹಿಂದೆ ಬೀಳುತ್ತದೆ, ಚಿತ್ರದ ಚುರುಕು ಸಾಯುತ್ತದೆ.

ಚೌಕಟ್ಟುಗಳ ವಿಷಯದಲ್ಲಿ ಜಪಾನಿನ ಸೆಲ್ಸಿಸ್ ಕಂಪನಿಯ ಕ್ಲಿಪ್ ಸ್ಟುಡಿಯೋ ಪೇಂಟ್ ಮುಂದಿದೆ. ಅದರಲ್ಲಿ ಒಂದು ಗೀಟು ಎಳೆದರೆ ಚೌಕಟ್ಟು ಎರಡಾಗುತ್ತದೆ, ಒಳಗಿನ ಚಿತ್ರ ತಾನೇ ಅಂಚಿಗೆ ಕತ್ತರಿಸಿಕೊಳ್ಳುತ್ತದೆ. ಕ್ರಿಟಾದಲ್ಲಿ ಇದನ್ನು ಕೈಯಾರೆ ಕಟ್ಟಬೇಕು: ಚೌಕಟ್ಟಿಗೊಂದು ಗ್ರೂಪ್, ಅದರ ತಳದಲ್ಲಿ ಚೌಕಟ್ಟಿನ ಆಕಾರಕ್ಕೆ ತುಂಬಿದ ಲೇಯರ್, ಮೇಲಿನ ಲೇಯರ್‌ಗಳಿಗೆಲ್ಲ ಇನ್‌ಹೆರಿಟ್ ಆಲ್ಫಾ (ಕೆಳಗೆ ಬಣ್ಣ ಇರುವ ಕಡೆ ಮಾತ್ರ ಚಿತ್ರ ಕಾಣಿಸುವ ಆಯ್ಕೆ). ಹೊಸಬರು ಎಡವುವುದು ಇಲ್ಲಿ. ಇನ್‌ಹೆರಿಟ್ ಆಲ್ಫಾ ಆ ಗ್ರೂಪಿನಲ್ಲಿ ತನ್ನ ಕೆಳಗಿರುವ ಎಲ್ಲ ಲೇಯರ್‌ಗಳನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕಾಗದದ ಬಿಳಿ ಲೇಯರ್ ಗ್ರೂಪಿನೊಳಗೆ ಸೇರಿದ್ದರೆ ಚಿತ್ರ ಚೌಕಟ್ಟು ದಾಟಿ ಹರಡುತ್ತದೆ. ಬಿಳಿಯನ್ನು ಗ್ರೂಪಿನ ಹೊರಗೆ ಇಡಿ. ಚೌಕಟ್ಟಿನ ಕಪ್ಪು ಗೀಟುಗಳನ್ನು ಎಲ್ಲಕ್ಕೂ ಮೇಲೆ ವೆಕ್ಟರ್ ಲೇಯರ್‌ನಲ್ಲಿ (ಪಿಕ್ಸೆಲ್ ಬದಲು ಆಕಾರವಾಗಿ ಉಳಿಯುವ ಪದರ) ಹಾಕಿದರೆ ತಿದ್ದುವುದು ಸುಲಭ. ಚುಕ್ಕೆಗಳಿಂದ ಬೂದು ಛಾಯೆ ಕೊಡುವ ಸ್ಕ್ರೀನ್‌ಟೋನ್ ಫಿಲ್ ಲೇಯರ್ ಕ್ರಿಟಾದಲ್ಲೂ ಇದೆ. ಆದರೂ ಟೋನ್ ಹಾಕಿದ ಕಪ್ಪು-ಬಿಳುಪು ಪುಟಗಳನ್ನು ತಿಂಗಳು ತಿಂಗಳು ಒಪ್ಪಿಸುವವರು ಕ್ಲಿಪ್ ಸ್ಟುಡಿಯೋ ಕೊಳ್ಳುವುದೇ ಮೇಲು. ಬಹುಪುಟಗಳ ನಿರ್ವಹಣೆ ಅದರ ಈಎಕ್ಸ್ ಆವೃತ್ತಿಯಲ್ಲಿ ಮಾತ್ರ ಇದೆ, ಪ್ರೋದಲ್ಲಿ ಇಲ್ಲ ಎಂಬುದನ್ನು ನೋಡಿಕೊಂಡು ಕೊಳ್ಳಿ.

ಬಣ್ಣ ತುಂಬಲು ಕಲರೈಸ್ ಮಾಸ್ಕ್ ಇದೆ. ಮುಖದ ಮೇಲೊಂದು ಗೀರು, ಅಂಗಿಯ ಮೇಲೊಂದು ಗೀರು ಎಳೆದು ಅಪ್‌ಡೇಟ್ ಒತ್ತಿದರೆ ಗೀಟುಗಳ ನಡುವಿನ ಜಾಗ ಅದೇ ತುಂಬಿಕೊಳ್ಳುತ್ತದೆ. ದೊಡ್ಡ ಪುಟದಲ್ಲಿ ಇದು ನಿಧಾನ. ದಿನನಿತ್ಯದ ಕೆಲಸಕ್ಕೆ ಸಾಮಾನ್ಯ ಫಿಲ್ ಟೂಲ್ ಚುರುಕು: ಇಂಕಿನ ಲೇಯರ್‌ಗೆ ಬಣ್ಣದ ಲೇಬಲ್ ಹಚ್ಚಿ, ಫಿಲ್ ಆ ಲೇಬಲ್ಲನ್ನು ಮಾತ್ರ ನೋಡುವಂತೆ ಮಾಡಿ, ತುಂಬುವಿಕೆಯನ್ನು 2–3 ಪಿಕ್ಸೆಲ್ ಹಿಗ್ಗಿಸಿ. ಹಿಗ್ಗಿಸದಿದ್ದರೆ ಗೀಟಿನ ಪಕ್ಕ ಬಿಳಿ ಎಳೆ ಉಳಿದು ಅಚ್ಚಿನಲ್ಲಿ ಎದ್ದು ಕಾಣುತ್ತದೆ.

ಈಗ ಅಕ್ಷರ. ಕನ್ನಡ ಕಾಮಿಕ್ಸ್ ಹಾಳಾಗುವುದು ಹೆಚ್ಚಾಗಿ ಗುಳ್ಳೆಯೊಳಗೇ. ಕ್ರಿಟಾ 5.2ರಲ್ಲಿ ಪಠ್ಯವನ್ನು ಬೇರೆ ಕಿಟಕಿಯಲ್ಲಿ ಬರೆದು ಉಳಿಸಬೇಕು, ಸಾಲು ತಾನಾಗಿ ಮುರಿಯುವುದಿಲ್ಲ. ಎರಡು ಗುಳ್ಳೆಗೆ ಪರವಾಗಿಲ್ಲ, 40 ಗುಳ್ಳೆಯ ಕಥೆಗೆ ಶಿಕ್ಷೆ. ಸ್ಕ್ರೈಬಸ್ ತೆಗೆದುಕೊಳ್ಳುವಾಗ 1.6 ಅಥವಾ ಅದರ ನಂತರದ್ದೇ ಇರಲಿ, ಹಳೆಯ 1.4ರಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಫೋಟೋಶಾಪ್‌ನ ಹಳೆಯ ಆವೃತ್ತಿ ಬಳಸುವವರು ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆಯನ್ನು ಹಾಕಿಕೊಳ್ಳದಿದ್ದರೆ ಅಲ್ಲೂ ಇದೇ ಗತಿ.

ಇಂಗ್ಲಿಷ್ ಕಾಮಿಕ್ಸ್‌ನ ಅಳತೆಗಳು ನಮ್ಮ ಲಿಪಿಗೆ ಒಗ್ಗುವುದಿಲ್ಲ. ಮೇಲಿನ ಸಾಲಿನ ಒತ್ತು ಕೆಳಕ್ಕಿಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲಕ್ಕೇರುತ್ತದೆ. ನಡುವೆ ಜಾಗವಿಲ್ಲದಿದ್ದರೆ ಎರಡೂ ಡಿಕ್ಕಿ ಹೊಡೆಯುತ್ತವೆ. 10 ಪಾಯಿಂಟ್ ಅಕ್ಷರಕ್ಕೆ 15–16 ಪಾಯಿಂಟ್ ಸಾಲಿನ ಅಂತರ ಕೊಡಿ, ಅದೂ ಸ್ಥಿರ ಅಂತರವಾಗಿ. ನ್ಯೂಸ್‌ಪ್ರಿಂಟ್‌ನಲ್ಲಿ 10ಕ್ಕಿಂತ ಕೆಳಗಿಳಿದರೆ ಮಸಿ ಹರಡಿ ಒತ್ತುಗಳು ಬರೀ ಚುಕ್ಕೆಗಳಾಗುತ್ತವೆ. ‘ಬರಬೇಕಾಗಿತ್ತಲ್ಲವೇ’ ಎಂಬಂಥ ಒಂದೇ ಪದ ಒಂದು ಸಾಲನ್ನು ಪೂರ್ತಿ ತಿನ್ನುತ್ತದೆ, ಹೈಫನ್ ಹಾಕಿ ಮುರಿದರೆ ಓದು ಮುಗ್ಗರಿಸುತ್ತದೆ. ಹಾಗಾಗಿ ನಮ್ಮ ಗುಳ್ಳೆಗಳು ಎತ್ತರಕ್ಕಿಂತ ಅಗಲ ಇರಬೇಕು. ಪೆನ್ಸಿಲ್ ಹಂತದಲ್ಲೇ ಮಾತುಗಳನ್ನು ಇಟ್ಟು ನೋಡಿ, ಪಾತ್ರದ ತಲೆಯ ಮೇಲೆ ಜಾಗ ಬಿಟ್ಟು, ಆಮೇಲೆ ಇಂಕ್ ಮಾಡಿ. ಗುಳ್ಳೆಯ ಗೀಟು ಬರೆಯುವುದು ಕೊನೆಗೆ, ಅಕ್ಷರದ ಸುತ್ತ.

ಫಾಂಟ್‌ಗಳಲ್ಲಿ ಬಾಲೂ ತಮ್ಮ ದುಂಡಗಿದ್ದು ಮಾತಿಗೆ ಚೆನ್ನಾಗಿ ಒಪ್ಪುತ್ತದೆ, ನಿರೂಪಣೆಯ ಪೆಟ್ಟಿಗೆಗೆ ನೋಟೋ ಸೆರಿಫ್ ಕನ್ನಡ. ಎರಡೂ ಮುಕ್ತ ಪರವಾನಗಿಯವು, ಅಚ್ಚಿಗೂ ತೊಂದರೆಯಿಲ್ಲ. ಲೇಖಕರು ಸ್ಕ್ರಿಪ್ಟನ್ನು ನುಡಿಯ ಹಳೆಯ ಆಸ್ಕಿ ಫಾಂಟ್‌ನಲ್ಲಿ ಕಳಿಸಿದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಂಡು ಅರ್ಕಾವತ್ತು, ದೀರ್ಘಗಳನ್ನು ಒಂದೊಂದಾಗಿ ನೋಡಿ. ಪರಿವರ್ತಕಗಳು ಎಡವುವುದು ಅಲ್ಲೇ.

ಅಚ್ಚಿಗೆ ಕೊಡುವಾಗ ಕಪ್ಪಿನ ಮೇಲೆ ಕಣ್ಣಿರಲಿ. ಆರ್‌ಜಿಬಿ (ಪರದೆಯ ಬಣ್ಣಗಳ) ಪುಟವನ್ನು ಸಿಎಂವೈಕೆಗೆ (ಅಚ್ಚಿನ ನಾಲ್ಕು ಮಸಿಗಳಿಗೆ) ಬದಲಿಸಿದ ಕೂಡಲೇ ಕಪ್ಪು ಗೀಟು ನಾಲ್ಕು ಮಸಿಗಳ ಬೆರಕೆಯಾಗುತ್ತದೆ. ಪ್ರೆಸ್ಸಿನಲ್ಲಿ ಪ್ಲೇಟು ಕೂದಲೆಳೆಯಷ್ಟು ಸರಿದರೂ ಗೀಟಿನ ಸುತ್ತ ಬಣ್ಣದ ನೆರಳು. ಫೈಲಿನ ಪ್ರತಿ ಮಾಡಿಕೊಂಡು, ಪ್ರೆಸ್ಸಿನವರಿಂದ ಐಸಿಸಿ ಪ್ರೊಫೈಲ್ (ಅವರ ಅಚ್ಚಿನ ಬಣ್ಣದ ವಿವರ ಇರುವ ಫೈಲ್) ಕೇಳಿ ಪಡೆದು, ಅದರಿಂದ ಸಿಎಂವೈಕೆಗೆ ಬದಲಿಸಿ. ಬಳಿಕ ಖಾಲಿ ಜಾಗಕ್ಕೆ ಬಣ್ಣ ಹರಡದಂತೆ ಇಂಕಿನ ಲೇಯರ್‌ನ ಆಲ್ಫಾ ಬೀಗ ಹಾಕಿ, ಸಿ, ಎಂ, ವೈ ಮೂರೂ 0, ಕೆ 100 ಇರುವ ಕಪ್ಪು ತುಂಬಿ, ಲೇಯರನ್ನು ಮಲ್ಟಿಪ್ಲೈಗೆ ಇಡಿ. ಟಿಫ್ ಆಗಿ ಹೊರತೆಗೆದು, 3 ಮಿಮೀ ಬ್ಲೀಡ್ (ಕತ್ತರಿಸಲು ಅಂಚಿನಾಚೆ ಬಿಡುವ ಜಾಗ) ಇಟ್ಟ ಸ್ಕ್ರೈಬಸ್ ಪುಟದಲ್ಲಿ ಕೂರಿಸಿ, ಮೇಲಿನ ಲೇಯರ್‌ನಲ್ಲಿ ಅಕ್ಷರ ಹಾಕಿ. ಪಿಡಿಎಫ್ ಮಾಡುವಾಗ ಫಾಂಟನ್ನು ಔಟ್‌ಲೈನ್ (ಬರೀ ಆಕಾರ) ಆಗಿಸಿದರೆ ಪ್ರೆಸ್ಸಿನ ಯಂತ್ರದಲ್ಲಿ ಅಕ್ಷರ ಒಡೆಯುವ ಭಯವೇ ಇರುವುದಿಲ್ಲ.

ತಿದ್ದುಪಡಿಗಳ ಕಾಲಕ್ಕೆ ಕ್ರಿಟಾದ ಇನ್‌ಕ್ರಿಮೆಂಟಲ್ ಸೇವ್ ಬಹಳ ಉಪಕಾರಿ. ಪ್ರತಿ ಸಲ ಹೆಸರಿಗೆ 001, 002 ಎಂದು ಅಂಕಿ ಸೇರಿಸಿ ಹೊಸ ಪ್ರತಿ ಇಡುತ್ತದೆ. ಮೂರನೇ ಸುತ್ತಿನಲ್ಲಿ ಗಿರಾಕಿ ‘ಮೊದಲಿನದೇ ಚೆನ್ನಾಗಿತ್ತು’ ಎಂದಾಗ ಹಿಂದಿನ ಪ್ರತಿ ಕೈಗೆ ಸಿಗುತ್ತದೆ. ಪಿಎಸ್‌ಡಿ (ಫೋಟೋಶಾಪ್ ಫೈಲ್) ಕೇಳಿದರೆ ಕ್ರಿಟಾದಿಂದಲೇ ಕೊಡಬಹುದು, ಆದರೆ ಕ್ರಿಟಾದ ವೆಕ್ಟರ್ ಲೇಯರ್‌ಗಳು ಅಲ್ಲಿ ಬರೀ ಪಿಕ್ಸೆಲ್ ಆಗುತ್ತವೆ. ಇದನ್ನು ಮುಂಚೆಯೇ ಹೇಳಿ. ಲೇಯರ್ ಸಹಿತ ಫೈಲ್ ಕೊಡುವುದಾದರೆ ಅದರ ದರವನ್ನು ಕೊಟೇಶನ್‌ನಲ್ಲೇ ಬೇರೆ ಸಾಲಾಗಿ ನಮೂದಿಸಿ.