ಕೀಬೋರ್ಡ್ ಗುಂಯ್ ಅಂದ್ರೆ ‘ಬೋರ್ಡ್ ಹೋಗಿದೆ’ ಅಂತಾರೆ, ನಂಬಬೇಡಿ

ಹಾಸನದಲ್ಲಿ ಮ್ಯೂಸಿಕ್ ಕೀಬೋರ್ಡ್ ರಿಪೇರಿಗೆ ಕೊಡೋರು ದಯವಿಟ್ಟು ಪೂರ್ತಿ ಓದಿ. ಬರೆಯೋವಾಗ ಇನ್ನೂ ಮೈ ಉರೀತಿದೆ.

ಮಗಳದ್ದು ಯಮಹಾ ಪಿಎಸ್‌ಆರ್-ಇ373. ಕಂಪನಿ ಅಡಾಪ್ಟರ್ ವೈರ್ ಕಿತ್ತು ಹೋಗಿತ್ತು. ಅಂಗಡಿಯವನು ‘12 ವೋಲ್ಟೇ, ಏನೂ ಆಗಲ್ಲ’ ಅಂತ ಹೆಸರಿಲ್ಲದ್ದೊಂದು ಕೊಟ್ಟ. ಆಮೇಲೆ ಶುರುವಾಯ್ತು, ಕೀ ಮುಟ್ಟದಿದ್ರೂ ಒಂದೇ ಸಮ ಗುಂಯ್. ಹೆಡ್‌ಫೋನ್ ಹಾಕಿದ್ರೂ ಅದೇ. ಅವನ ಹತ್ರಾನೇ ತಗೊಂಡು ಹೋದೆ. ‘ಮೇನ್ ಬೋರ್ಡ್ ಹೋಗಿದೆ ಮೇಡಂ, ಬೆಂಗಳೂರಿಂದ ತರಿಸಬೇಕು.’ 4,500 ರೂಪಾಯಿ, ಪೂರ್ತಿ ಮುಂಚೇನೇ. ವಾಪಸ್ ತರೋಕೆ ಹೋದಾಗ ಅಂಗಡೀಲಿದ್ದ ಬೇರೆ ಅಡಾಪ್ಟರ್ ಚುಚ್ಚಿ ನುಡಿಸಿ ತೋರಿಸಿದ. ಗುಂಯ್ ಇಲ್ಲ. ಬಿಲ್ಲೂ ಕೊಡಲಿಲ್ಲ.

ಮನೆಗೆ ಬಂದು ಹಚ್ಚಿದ್ರೆ ಮತ್ತೆ ಗುಂಯ್!

ಸಂಜೆ ಕರೆಂಟ್ ಹೋಯ್ತು. ಮಗಳು ಆರು ಎಎ ಸೆಲ್ ಹಾಕಿ ನುಡಿಸಿದಳು. ಗುಂಯ್ ಇಲ್ಲವೇ ಇಲ್ಲ, ಸ್ವರ ಮಾತ್ರ. ಕರೆಂಟ್ ಬಂತು, ಅಡಾಪ್ಟರ್ ಚುಚ್ಚಿದಳು, ಗುಂಯ್. ತೆಗೆದಳು, ನಿಂತಿತು. ಕೀಬೋರ್ಡ್ ಮಗುಚಿ ಟಾರ್ಚ್ ಬಿಟ್ಟು ನೋಡಿದೆ. ತಳದ ಸ್ಕ್ರೂ ಗುಂಡಿಗಳಲ್ಲಿ ಹಳೇ ಧೂಳು ಗಟ್ಟಿಯಾಗಿ ಕೂತಿದೆ, ಸ್ಕ್ರೂಡ್ರೈವರ್ ತಾಗಿದ ಗೀರೂ ಇಲ್ಲ. ಬಿಚ್ಚೇ ಇಲ್ಲ! ಬಿಚ್ಚದೇ ಬೋರ್ಡ್ ಬದಲಾಯಿಸಿದನಂತೆ!

ಕೇಳಿದ್ದಕ್ಕೆ, ‘ನಮ್ಮಲ್ಲಿ ಸರಿ ಇತ್ತಲ್ಲ, ನಿಮ್ಮ ಮನೆ ಕರೆಂಟೇ ಸರಿ ಇಲ್ಲ.’ ಹಳೇ ಬೋರ್ಡ್ ಕೊಡಿ ಅಂದೆ. ‘ಅದು ಕಂಪನಿಗೆ ವಾಪಸ್ ಹೋಯ್ತು.’ ಸ್ಕ್ರೂ ತೋರಿಸಿದೆ. ‘ಮೇಡಂ, ಇದೆಲ್ಲ ಟೆಕ್ನಿಕಲ್, ನಿಮಗೆ ಗೊತ್ತಾಗಲ್ಲ.’ ಅಂಗಡಿ ತುಂಬ ಗಿರಾಕಿಗಳು, ಎಲ್ಲರ ಮುಂದೆ. ಮಗಳು ಪಕ್ಕದಲ್ಲೇ ನಿಂತಿದ್ದಳು.

ಅಂಗಡಿಗೆ ಹೊರಡೋ ಮುಂಚೆ ಮನೇಲೇ ಸೆಲ್ ಹಾಕಿ ಕೇಳಿ. ಸದ್ದು ನಿಂತ್ರೆ ಅಡಾಪ್ಟರನ್ನೇ ಮೊದಲು ಅನುಮಾನಿಸಿ. ಲ್ಯಾಪ್‌ಟಾಪ್‌ಗೆ ಜೋಡಿಸಿದಾಗ ಮಾತ್ರ ಸದ್ದು ಬಂದ್ರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ನಿಂತ್ರೆ ಬಹುತೇಕ ಅರ್ಥಿಂಗ್ ಲೂಪ್, ಅಂದ್ರೆ ಚಾರ್ಜರ್‌ನ ಅರ್ಥ್ ದಾರಿಯಲ್ಲಿ ಬರೋ ಗುಂಯ್. ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಅಂದ್ರೆ ಬಹುತೇಕ ಅದರೊಳಗಿನ ಧೂಳು, ಬೋರ್ಡ್ ಅಲ್ಲ. ಅಡಾಪ್ಟರ್ ಮಾತ್ರ ಕಂಪನಿದೇ ತಗೊಳ್ಳಿ. ನಾನು ಈಗ ತರಿಸಿದೀನಿ, ಗುಂಯ್ ಸದ್ದೇ ಇಲ್ಲ. ರಿಪೇರಿಗೆ ಕೊಡಲೇಬೇಕು ಅಂದ್ರೆ ನಿಮ್ಮ ಅಡಾಪ್ಟರೂ ಒಯ್ಯಿರಿ, ಅದರಲ್ಲೇ ನುಡಿಸಿ ತೋರಿಸು ಅನ್ನಿ. ಹಳೇ ಪಾರ್ಟ್ ಕೈಗೆ ಬರೋವರೆಗೂ ದುಡ್ಡು ಕೊಡಬೇಡಿ.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ಬಿಲ್ ಇಲ್ಲದಿದ್ರೂ ಫೋನ್‌ಪೇ ದಾಖಲೆ ಇದೆ, ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ. ಹಾಸನದಲ್ಲಿ ಇನ್ಯಾರಿಗಾದ್ರೂ ಹೀಗೇ ‘ಬೋರ್ಡ್ ಹೋಗಿದೆ’ ಅಂತ ದುಡ್ಡು ಕಿತ್ತಿದ್ರೆ ನನಗೆ ಮೆಸೇಜ್ ಮಾಡಿ, ಒಟ್ಟಿಗೆ ದೂರು ಕೊಡೋಣ.