ರೂಬಾರ್ಬ್ ಕೊಟ್ಟಿತು, ಆಸ್ಪರಾಗಸ್ ಕಾಯಿಸಿತು

ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮಗೆ ಅಲಾಟ್‌ಮೆಂಟ್ ಸಿಕ್ಕಿದ್ದು 2017ರ ಅಕ್ಟೋಬರಿನಲ್ಲಿ. ತರಕಾರಿ ಬೆಳೆದುಕೊಳ್ಳಿ ಅಂತ ಇಲ್ಲಿನ ಕೌನ್ಸಿಲ್ ವರ್ಷದ ಬಾಡಿಗೆಗೆ ಕೊಡುವ ನೆಲ ಅದು. ಪೂರ್ತಿ ತುಂಡು ಸುಮಾರು 250 ಚದರ ಮೀಟರ್. ನಮ್ಮದು ಅರ್ಧ. ಶಿರಸಿ ಕಡೆಯ ಅಡಿಕೆ ತೋಟ ನೋಡಿ ಬೆಳೆದವನಿಗೆ ಇದು ಹಿತ್ತಲಿನ ಒಂದು ಮೂಲೆ ಅಷ್ಟೇ. ಆದರೂ ಬೀಗದ ಕೈ ಸಿಕ್ಕ ದಿನ ಮನೆಯಲ್ಲಿ ಪಾಯಸ ಆಯಿತು.

ಪಕ್ಕದ ತುಂಡಿನ ಹಿರಿಯರು ಮೊದಲ ದಿನವೇ ಕೇಳಿದರು, ಎಷ್ಟು ವರ್ಷ ಇರುತ್ತೀರಿ ಅಂತ. ಎರಡು ವರ್ಷ, ಆಮೇಲೆ ಊರಿಗೆ ಅಂದೆ. ಹಾಗಾದರೆ ರೂಬಾರ್ಬ್ ಹಾಕಿ, ಆಸ್ಪರಾಗಸ್ ಬೇಡ ಅಂದರು. ರೂಬಾರ್ಬಿನಲ್ಲಿ ತಿನ್ನುವುದು ಹುಳಿ ದಂಟು, ಆಸ್ಪರಾಗಸ್‌ನಲ್ಲಿ ನೆಲದಿಂದ ಏಳುವ ಎಳೆ ಮೊಳಕೆ. ಎರಡೂ ಒಮ್ಮೆ ನೆಟ್ಟರೆ ವರ್ಷ ವರ್ಷ ತಾವೇ ಚಿಗುರುವ ಗಿಡ, ಅಂಥದ್ದೇನು ವ್ಯತ್ಯಾಸ ಅಂತ ನಾನು ಎರಡನ್ನೂ ನೆಟ್ಟೆ.

ರೂಬಾರ್ಬ್ ವಿಷಯದಲ್ಲಿ ಹೇಳೋಕೆ ಹೆಚ್ಚಿಲ್ಲ. ಟಿಂಪರ್ಲಿ ಅರ್ಲಿ ತಳಿಯ ಎರಡು ಬುಡ, ಅಂದರೆ ಮೊಗ್ಗಿರುವ ಬೇರುಗಡ್ಡೆ, ಕೊಂಡು ತಂದೆ. ವಿಕ್ಟೋರಿಯಾ ತಳಿಯ ಒಂದು ತುಂಡನ್ನು ಆ ಹಿರಿಯರೇ ಅಗೆದು ಕೊಟ್ಟರು. ಮೂರಡಿಗೆ ಒಂದರಂತೆ ಗುಂಡಿ ತೆಗೆದು, ಹಳೇ ಕುದುರೆ ಲದ್ದಿ ತುಂಬಿ, ಮೊಗ್ಗು ಮಣ್ಣಿನ ಮಟ್ಟಕ್ಕೆ ಇರುವಂತೆ ಕೂರಿಸಿದೆ. ಮೊದಲ ವರ್ಷ ದಂಟು ಮುಟ್ಟಬಾರದು, ಮುಟ್ಟಲಿಲ್ಲ. ಎರಡನೇ ವರ್ಷ ಸ್ವಲ್ಪ ಕಿತ್ತೆ. ಮೂರನೇ ವರ್ಷದಿಂದ ನಾವು ಅದನ್ನು ತಿನ್ನುವುದಕ್ಕಿಂತ ಹಂಚಿದ್ದೇ ಜಾಸ್ತಿ. ಕೆಲಸ ಅಂದರೆ ಚಳಿಗಾಲದಲ್ಲಿ ಗೊಬ್ಬರ, ಹೂವಿನ ಕಾಂಡ ಎದ್ದರೆ ಕತ್ತರಿಸುವುದು, ಬೇಸಿಗೆಯಲ್ಲಿ ನೀರು, ಇಷ್ಟೇ. ದಂಟನ್ನು ಚಾಕುವಿನಿಂದ ಕೊಯ್ಯಬಾರದು. ಬುಡದಲ್ಲಿ ಹಿಡಿದು ತಿರುಚಿ ಎಳೆಯಬೇಕು. ಉಳಿದ ಮೊಂಡು ಕೊಳೆತರೆ ಬುಡಕ್ಕೇ ರೋಗ ಇಳಿಯುತ್ತದೆ.

ಈ ಗಿಡಕ್ಕೆ ಲೀಡ್ಸ್ ಇರುವ ಯಾರ್ಕ್‌ಶೈರ್ ಸೀಮೆ ತವರುಮನೆ ಇದ್ದ ಹಾಗೆ. ಚಳಿ ಬೇಕು, ತೇವ ಬೇಕು, ನಮ್ಮ ಜೇಡಿಮಣ್ಣಿನಲ್ಲಿ ಎರಡಕ್ಕೂ ಬರವಿಲ್ಲ. ವೇಕ್‌ಫೀಲ್ಡ್, ಮಾರ್ಲಿ, ರಾಥ್‌ವೆಲ್ ಊರುಗಳ ನಡುವಿನ ಜಾಗಕ್ಕೆ ರೂಬಾರ್ಬ್ ತ್ರಿಕೋನ ಅಂತಲೇ ಹೆಸರು. ಅಲ್ಲಿನ ರೈತರು ಬುಡಗಳನ್ನು ಎರಡು ವರ್ಷ ಹೊಲದಲ್ಲಿ ಬೆಳೆಸಿ, ಚಳಿಗೆ ಒಡ್ಡಿ, ಆಮೇಲೆ ಕತ್ತಲೆ ಕೊಟ್ಟಿಗೆಯೊಳಗೆ ಇಡುತ್ತಾರೆ. ಮೇಣದ ಬತ್ತಿ ಬೆಳಕಿನಲ್ಲಿ ಕೀಳುತ್ತಾರೆ. ಬೆಳಕು ಸಿಗದ ದಂಟು ಎಳೆಯದಾಗಿ, ಗುಲಾಬಿ ಬಣ್ಣಕ್ಕೆ ಬರುತ್ತದೆ. 2010ರಲ್ಲಿ ಅದಕ್ಕೆ ಯುರೋಪಿನ ಮೂಲಸ್ಥಳದ ಮಾನ್ಯತೆಯೂ ಸಿಕ್ಕಿತು. ನಾನು ಜನವರಿಯಲ್ಲಿ ಒಂದು ಬುಡದ ಮೇಲೆ ಬಕೆಟ್ ಬೋರಲು ಹಾಕಿ ನೋಡಿದೆ. ಮಾರ್ಚಿನಲ್ಲಿ ಎತ್ತಿದಾಗ ಒಳಗಿದ್ದ ಬಣ್ಣ ನೋಡಿ ಮಗಳು ಕಿರುಚಿಕೊಂಡಳು. ಹಾಗೆ ದುಡಿಸಿಕೊಂಡ ಬುಡಕ್ಕೆ ಮುಂದಿನ ವರ್ಷ ರಜೆ ಕೊಡಬೇಕು.

ಇನ್ನು ಎಲೆ. 2019ರಲ್ಲಿ ಅಮ್ಮ ಊರಿನಿಂದ ಬಂದವರು ಆ ಅಗಲ ಎಲೆ ನೋಡಿ, "ಕೆಸುವಿನ ಹಾಗೇ ಇದ್ಯಲ್ಲೋ, ಪತ್ರೊಡೆ ಮಾಡಲೇನು?" ಅಂದರು. ಆಗಲೇ ನಾಲ್ಕು ಎಲೆ ಕಿತ್ತು ಮಡಚಿ ಇಟ್ಟುಕೊಂಡಿದ್ದರು! ರೂಬಾರ್ಬ್ ಎಲೆ ವಿಷ. ಹುಳಿ ಹಾಕಿ ಬೇಯಿಸಿದರೂ ಸರಿಹೋಗುವುದಿಲ್ಲ. ತಿನ್ನುವುದು ದಂಟು ಮಾತ್ರ. ಎಲೆಯನ್ನು ಕಾಂಪೋಸ್ಟಿಗೆ ಹಾಕಬಹುದು, ತೊಂದರೆಯಿಲ್ಲ. ದಂಟಿನಲ್ಲೂ ಆಕ್ಸಾಲಿಕ್ ಆಮ್ಲ ಇದ್ದೇ ಇದೆ, ಕಿಡ್ನಿಯಲ್ಲಿ ಕಲ್ಲಿನ ತೊಂದರೆ ಇರುವವರು ದೂರ ಇರುವುದು ಮೇಲು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಕುದಿಸಬೇಡಿ.

ಆಸ್ಪರಾಗಸ್ ಕತೆ ಬೇರೆ. 2018ರ ವಸಂತದಲ್ಲಿ ಕಾನೋವರ್ಸ್ ಕೊಲೋಸಲ್ ಅನ್ನುವ ಹಳೇ ತಳಿಯ ಹತ್ತು ಬುಡ ತಂದೆ. ಪೊಟ್ಟಣ ಬಿಚ್ಚಿದರೆ ಜೇಡರ ಹುಳು ಕಾಲು ಚಾಚಿದ ಹಾಗೆ ಬೇರಿನ ಗೊಂಚಲು. ನಮ್ಮ ಕಡೆ ಶತಾವರಿಗೆ ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರಲ್ಲ, ಅದರದ್ದೇ ಕುಲ ಇದು. ನೋಡಿದ ಕೂಡಲೇ ಗುರುತು ಸಿಕ್ಕಿತು. ಗುರುತು ಸಿಕ್ಕ ಸಂತೋಷದಲ್ಲಿ ಮಣ್ಣು ನೋಡುವುದನ್ನು ಮರೆತೆ. ರೂಬಾರ್ಬಿಗೆ ತೆಗೆದ ಹಾಗೇ ಸಪಾಟು ನೆಲದಲ್ಲಿ ಗುಂಡಿ ತೆಗೆದು ನೆಟ್ಟೆ. ಚಳಿಗಾಲದ ಮಳೆಗೆ ಆ ಗುಂಡಿಯಲ್ಲಿ ನೀರು ನಿಂತಿತು. 2019ರಲ್ಲಿ ಎದ್ದಿದ್ದು ನಾಲ್ಕು. ಅದರಲ್ಲೂ ಎರಡನ್ನು ಚಿಪ್ಪಿಲ್ಲದ ಬಸವನಹುಳು ತಿಂದು ಮುಗಿಸಿದವು.

ಬಿಟ್ಟುಬಿಡಬೇಕಿತ್ತು. ಅಷ್ಟರಲ್ಲಿ ನಮ್ಮ ಎರಡು ವರ್ಷವೂ ಮುಗಿದಿತ್ತು, ಊರಿಗೆ ಹೋಗುವ ಮಾತು ಮುಂದಿನ ವರ್ಷಕ್ಕೆ ಹೋಗಿತ್ತು. 2020ರಲ್ಲಿ ಲಾಕ್‌ಡೌನ್ ಬಂತು. ಅಲಾಟ್‌ಮೆಂಟಿಗೆ ಹೋಗಲು ಅನುಮತಿ ಇತ್ತು, ಹೋಗಲು ಬೇರೆ ಜಾಗ ಇರಲಿಲ್ಲ. ಹಲಗೆ ಕಟ್ಟಿ ಒಂದಡಿ ಎತ್ತರದ ಮಡಿ ಮಾಡಿದೆ. ಮರಳು, ಕಾಂಪೋಸ್ಟ್ ಬೆರೆಸಿದೆ. ಮಡಿಯಲ್ಲಿ ತೋಡು ತೆಗೆದು, ಅದರ ನಡುವೆ ಉದ್ದಕ್ಕೂ ಸಣ್ಣ ದಿಬ್ಬ ಮಾಡಿ, ಅದರ ಮೇಲೆ ಬುಡ ಕೂರಿಸಿ, ಬೇರನ್ನು ಎರಡೂ ಕಡೆ ಇಳಿಬಿಟ್ಟೆ. ಈ ಸಲ ತಳಿ ಖೇನ್‌ಲಿಮ್, ಡಚ್ಚರದ್ದು. ಬರೀ ಗಂಡು ಗಿಡ. ಹೆಣ್ಣು ಗಿಡ ಕೆಂಪು ಹಣ್ಣು ಬಿಟ್ಟು, ಬೀಜ ಉದುರಿ, ಎಲ್ಲೆಂದರಲ್ಲಿ ಸಸಿ ಏಳುತ್ತದೆ. ಇದರಲ್ಲಿ ಆ ರಗಳೆ ಇಲ್ಲ.

ಆಮೇಲೆ ಕಾಯುವುದು. ಎರಡು ವಸಂತ ಎದುರಿಗೇ ಮೊಳಕೆ ಏಳುತ್ತದೆ, ಕೊಯ್ಯುವ ಹಾಗಿಲ್ಲ. ಅದು ಗರಿಬಿಚ್ಚಿ ಆಳೆತ್ತರ ಬೆಳೆದು ಬೇರಿಗೆ ಶಕ್ತಿ ಕೂಡಿಡಬೇಕು. ಅಷ್ಟು ಹೊತ್ತೂ ಕಳೆ ಕೀಳಬೇಕು, ಅದೂ ಕೈಯಲ್ಲೇ. ಬೇರು ಮೇಲೇ ಹರಡಿರುವುದರಿಂದ ಗುದ್ದಲಿ ಹಾಕುವಂತಿಲ್ಲ. ಬೈಂಡ್‌ವೀಡ್ ಅನ್ನುವ ಬಳ್ಳಿ ಕಳೆ ಒಮ್ಮೆ ಒಳಗೆ ಹೊಕ್ಕರೆ ಕತೆ ಮುಗಿಯಿತು. ಆಸ್ಪರಾಗಸ್ ತಿನ್ನಲೆಂದೇ ಹುಟ್ಟಿದ ಒಂದು ದುಂಬಿ ಬೇರೆ ಇದೆ. ಕಪ್ಪು ಮೈ, ಹಳದಿ ಚುಕ್ಕೆ, ಕೆಂಪು ಅಂಚು, ನೋಡಲು ಚಂದ. ದಿನಾ ಸಂಜೆ ಹೆಕ್ಕಿ ಸೋಪಿನ ನೀರಿಗೆ ಹಾಕುತ್ತಿದ್ದೆ. ಲೆಕ್ಕ ಹಾಕಿದರೆ ರೂಬಾರ್ಬಿಗೆ ಒಂದು ಗಂಟೆ ಕೊಟ್ಟಲ್ಲಿ ಇದಕ್ಕೆ ಹತ್ತು ಗಂಟೆ ಕೊಟ್ಟಿದ್ದೇನೆ.

2022ರ ಏಪ್ರಿಲ್ ಕೊನೆಯಲ್ಲಿ ಮೊದಲ ಕೊಯ್ಲು. ಹನ್ನೊಂದು ಮೊಳಕೆ. ಮನೆಗೆ ತಂದು, ಎರಡು ನಿಮಿಷ ತುಪ್ಪದಲ್ಲಿ ಬಾಡಿಸಿ, ಉಪ್ಪು ಉದುರಿಸಿ ತಿಂದೆವು. ಅಂಗಡಿಯದು ಇದೇ ತರಕಾರಿಯಾ ಅಂತ ಅನುಮಾನ ಬಂತು. ಕೊಯ್ದ ಗಂಟೆಯಿಂದಲೇ ಇದರ ಸಿಹಿ ಇಳಿಯತೊಡಗುತ್ತದೆ. ಮಳೆಗಾಲದ ಮೊದಲ ಕಳಲೆ ತಂದ ದಿನ ಅಡುಗೆಮನೆಯಲ್ಲಿ ಒಂದು ಗಡಿಬಿಡಿ ಇರುತ್ತದಲ್ಲ, ಹಾಗೇ. ತಿಂದ ಮೇಲೆ ಮೂತ್ರ ವಿಚಿತ್ರ ವಾಸನೆ ಬರುತ್ತದೆ, ಹೆದರಬೇಡಿ. ಬುಡದ ಗಟ್ಟಿ ಭಾಗ ಎಸೆಯಬೇಡಿ, ಬೇಯಿಸಿ ರುಬ್ಬಿ ಸೋಸಿದರೆ ತಂಬುಳಿ ಆಗುತ್ತದೆ.

ಅದೇ ವರ್ಷದ ಜುಲೈನಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಸಲ ಬಿಸಿಲು 40 ಡಿಗ್ರಿ ದಾಟಿತು. ರೂಬಾರ್ಬ್ ಎಲೆಗಳು ಒದ್ದೆ ಬಟ್ಟೆಯ ಹಾಗೆ ನೆಲಕ್ಕೆ ಬಿದ್ದವು. ಆಸ್ಪರಾಗಸ್ ಗರಿ ಅಲ್ಲಾಡಲಿಲ್ಲ. ಒಂದು ಅಂಕ ಅದಕ್ಕೆ.

ತೂಕ ನೋಡಿದರೆ ಸ್ಪರ್ಧೆಯೇ ಇಲ್ಲ. 2023ರಲ್ಲಿ ಮೂರು ರೂಬಾರ್ಬ್ ಬುಡದಿಂದ 14 ಕಿಲೋ ದಂಟು, ಹತ್ತು ಆಸ್ಪರಾಗಸ್ ಬುಡದಿಂದ ಎಂಟು ವಾರದಲ್ಲಿ ಮೂರು ಕಿಲೋ ಚಿಲ್ಲರೆ. ಎರಡಕ್ಕೂ ಜೂನ್ ಕೊನೆಗೆ ನಾನು ಕೈ ಬಿಡುತ್ತೇನೆ. ಆದರೆ 14 ಕಿಲೋ ಹುಳಿಯನ್ನು ಮಾಡುವುದೇನು? ಇಲ್ಲಿಯವರು ಸಕ್ಕರೆ ಸುರಿದು, ಮೇಲೆ ಹಿಟ್ಟು ಬೆಣ್ಣೆಯ ಪುಡಿ ಉದುರಿಸಿ ಬೇಯಿಸುವ ಕ್ರಂಬಲ್ ಅನ್ನುವ ಸಿಹಿ ಮಾಡುತ್ತಾರೆ. ನಮಗೆ ವರ್ಷಕ್ಕೆ ಎರಡು ಸಲ ಸಾಕು. ಗೊಜ್ಜು ಚೆನ್ನಾಗಿ ಆಗುತ್ತದೆ, ಬೆಲ್ಲ ಸ್ವಲ್ಪ ಮುಂದಿರಲಿ. ಬೇಯಿಸಿ ಸೋಸಿದ ರಸಕ್ಕೆ ನೀರು, ಉಪ್ಪು ಹಾಕಿ, ಸಾಸಿವೆ, ಇಂಗು, ಒಣಮೆಣಸಿನ ಒಗ್ಗರಣೆ ಕೊಟ್ಟರೆ ಅಪ್ಪೆಹುಳಿಯ ತಂಗಿಯಂತಿರುತ್ತದೆ. ಮಾವಿನ ಪರಿಮಳ ಇಲ್ಲ, ಹುಳಿ ಮಾತ್ರ ಸರಿಯಾಗಿದೆ. ಅಮ್ಮ ಒಂದು ಲೋಟ ಕುಡಿದು ಏನೂ ಹೇಳದೆ ಇನ್ನೊಂದು ಲೋಟ ಬಗ್ಗಿಸಿಕೊಂಡರು.

ಹೊಸದಾಗಿ ನೆಲ ಸಿಕ್ಕವರು ಕೇಳಿದರೆ ನಾನೂ ರೂಬಾರ್ಬ್ ಅನ್ನುತ್ತೇನೆ. ಬಾಡಿಗೆ ಮನೆ, ವೀಸಾ, ಕೆಲಸ ಯಾವುದೂ ಗಟ್ಟಿ ಇಲ್ಲದವರಿಗೆ ಅದೇ ಸರಿ. ಜಾಗ ಬಿಡುವಾಗ ಸನಿಕೆಯಲ್ಲಿ ಸೀಳಿ ಒಂದು ತುಂಡು ಚೀಲಕ್ಕೆ ಹಾಕಿಕೊಂಡು ಹೋಗಬಹುದು. ಬೇರೂರಿದ ಆಸ್ಪರಾಗಸ್ ಜಾಗ ಬದಲಿಸಿದರೆ ಸೊರಗುತ್ತದೆ. ಚೆನ್ನಾಗಿ ನೋಡಿಕೊಂಡರೆ ಒಂದೇ ಜಾಗದಲ್ಲಿ ಇಪ್ಪತ್ತು ವರ್ಷ ಕೊಡುತ್ತದೆ. ಆದರೆ ನನ್ನ ತುಂಡಿನ ಮಟ್ಟಿಗೆ ಲೆಕ್ಕ ಉಲ್ಟಾ ಆಗಿದೆ. ಒಂದು ರೂಬಾರ್ಬ್ ಬುಡ ನಮ್ಮ ಮನೆಗೆ ಧಾರಾಳ. ಉಳಿದ ಎರಡರ ಜಾಗಕ್ಕೆ ಇನ್ನೊಂದು ಏರುಮಡಿ ಬರುತ್ತದೆ.

ಈ ನವೆಂಬರಿನಲ್ಲಿ, ಎಲೆ ಒಣಗಿದ ಮೇಲೆ, ಆ ಎರಡು ಬುಡ ಅಗೆಯುತ್ತೇನೆ. ಲೀಡ್ಸ್ ಸುತ್ತಮುತ್ತ ಇರುವವರಿಗೆ ಬೇಕಿದ್ದರೆ ಗೋಣಿಚೀಲ ತಂದು ಒಯ್ಯಿರಿ. ವಸಂತದಲ್ಲಿ ಎಲೆ ಬಿಟ್ಟಾಗ ಮನೆಗೆ ಅಮ್ಮ ಬಂದಿದ್ದರೆ ಮಾತ್ರ ಸ್ವಲ್ಪ ಕಣ್ಣಿಡಿ.